ಒರೆ ಕಳಚಿದ ಕತ್ತಿ

ಉಂಡ ತೊವ್ವೆ ಅರಗುವುದು ನಮಗೆಲ್ಲ ಸಾಮಾನ್ಯ ಸಂಗತಿ. ಆದರೆ ಅದನ್ನು ಅರಗಿಸುವ ರಸ ನಮ್ಮನ್ನೇ ಏಕೆ ಅರಗಿಸಿಬಿಡುವುದಿಲ್ಲವೆಂದು ನಾವು ಎಂದಾದರೂ ಯೋಚಿಸಿದ್ದೇವೆಯೆ?

ಜಠರದ ಹಿಂದೆ ಮೇದೋಜೀರಕ ಗ್ರಂಥಿಯಿದೆ. ಬೇಳೆ, ಹಾಲುಗಳ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವ ತಯಾರಾಗುವುದು ಅಲ್ಲಿ. ಜರ್ಮನಿಯ ವಿದ್ವಾಂಸ ಕ್ಯೂನೆ ಅದಕ್ಕೆ ಈ ಹೆಸರಿಟ್ಟದ್ದು 1876ರಲ್ಲಿ. ಗ್ರಂಥಿಯಲ್ಲಿಯೂ ಪ್ರೋಟೀನು ಉಂಟಷ್ಟೆ! ಆದ್ದರಿಂದ ಈ ಕತ್ತಿಯನ್ನು ಒರೆಯಲ್ಲಿಟ್ಟೇ ಕಳುಹಿಸುವ ಏರ್ಪಾಡು. ಸಣ್ಣ ಕರುಳಿಗೆ ಬಂದ ಮೇಲೆಯೇ ಒರೆ ಕಳಚುತ್ತದೆ. ಅಕಸ್ಮಾತ್ ಗ್ರಂಥಿಯೊಳಗೇ ಕಳಚಿದರೆ, ಕತ್ತಿಯನ್ನು ಹಿಡಿದು ನಿಲ್ಲಿಸಲು ಇನ್ನೊಂದು ಪ್ರೋಟೀನು ಕಾವಲಿದೆ. ಅದನ್ನೂ ಮೀರಿದರೆ ಟ್ರಿಪ್ಸಿನ್ ತನ್ನ ಸರಪಳಿಯ 122ನೆಯ ಕೊಂಡಿಯಲ್ಲಿ ತುಂಡಾಗಿ ನಾಶವಾಗುತ್ತದೆ.

ಆ ಕೊಂಡಿಯೇ ಬದಲಾದರೆ? 1952ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ ಒಂದೇ ಮನೆತನದ ಹಲವರಲ್ಲಿ ಈ ಗ್ರಂಥಿಯ ಉರಿಯೂತವನ್ನು ಕಂಡು, ಇದು ವಂಶದಲ್ಲಿ ಇಳಿದುಬರುತ್ತದೆಂದು ಬರೆದರು. ಕಾರಣ ತಿಳಿದದ್ದು 1996ರಲ್ಲಿ. ಪಿಟ್ಸ್‌ಬರ್ಗಿನ ಡಾ. ವಿಟ್‌ಕಾಂಬ್ ಮತ್ತು ಸಂಗಡಿಗರು ನೋಡಿದಾಗ, ಟ್ರಿಪ್ಸಿನ್ನಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಹೀಗಾಗಿ ಆ ಕೊಂಡಿಯಲ್ಲಿ ಆರ್ಜಿನೀನಿನ ಬದಲು ಹಿಸ್ಟಿಡೀನ್ ಕುಳಿತಿತ್ತು, ಅಲ್ಲಿ ತುಂಡಾಗುವಂತಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗೆ ಈ ಬದಲಾವಣೆಯಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ರೋಗ ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ತಲೆದೋರುತ್ತದೆ. ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹಾಯುವ ನೋವು, ವಾಂತಿ. ಹೋಯಿತೆನ್ನುವಾಗ ಮತ್ತೆ ಬರುತ್ತದೆ. ವರ್ಷಗಳು ಕಳೆದಂತೆ ಸಕ್ಕರೆ ಕಾಯಿಲೆ, ಕೆಲವರಿಗೆ ಕ್ಯಾನ್ಸರ್ ಕೂಡ. ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಈ ಗ್ರಂಥಿ ಕೆಟ್ಟಿತೆಂದರೆ ಕುಡಿತವೇ ಕಾರಣವೆಂದು ನಾವು ತಟ್ಟನೆ ತೀರ್ಪು ಕೊಡುತ್ತೇವೆ. ಮಗು ಹೊಟ್ಟೆನೋವೆಂದರೆ ಶಾಲೆಗೆ ಚಕ್ಕರ್ ಹಾಕುವ ನೆಪವೆಂದು ಗದರಿಸುತ್ತೇವೆ. ಎರಡೂ ಅನ್ಯಾಯವಾಗಬಹುದು.

ಭಾರತದ ರೋಗಿಗಳಲ್ಲಿ ಟ್ರಿಪ್ಸಿನ್ ಜೀನಿನ ಈ ಬದಲಾವಣೆ ಅಪರೂಪ. ಇಲ್ಲಿ ಹೆಚ್ಚಾಗಿ ಕಾಣುವುದು ಮೇಲೆ ಹೇಳಿದ ಕಾವಲು ಪ್ರೋಟೀನಿನ ಜೀನಿನಲ್ಲಾದ ಬದಲಾವಣೆ. ಅದು ಆರೋಗ್ಯವಂತರಲ್ಲಿಯೂ ಇರುವುದುಂಟು. ಅದಿದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತದೆಂದಲ್ಲ. ಹೆದರಬೇಕಾಗಿಲ್ಲ, ಆದರೆ ಅಲಕ್ಷ್ಯವೂ ಸಲ್ಲದು.

“ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೆ?” ಎಂದು ಡಾಕ್ಟರು ಕೇಳಿದರೆ ಊರು ಬಿಟ್ಟು ಬಂದ ನಾವು ಮುಖಮುಖ ನೋಡಿಕೊಳ್ಳುತ್ತೇವೆ. ದೊಡ್ಡಪ್ಪ ಒಂದೂರು, ಸೋದರತ್ತೆ ಇನ್ನೊಂದೂರು. ಹಳೆಯ ಕಡತ ಸಿಕ್ಕದೆ ಕೆಲಸ ಕೆಡುವುದನ್ನು ಕಚೇರಿಯಲ್ಲಿ ದಿನವೂ ಕಾಣುವ ನಮಗೆ ಇದನ್ನು ಬೇರೆ ಹೇಳಬೇಕೆ? ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕುಳಿತು, ಯಾರು ಯಾವ ನೋವಿನಿಂದ ನರಳಿದರೆಂದು ಕೇಳಿ ಬರೆದಿಡೋಣ. ಮಕ್ಕಳಿಗೆ ನಾವು ಬಿಟ್ಟುಹೋಗಬೇಕಾದ ದಸ್ತಾವೇಜುಗಳಲ್ಲಿ ಅದೂ ಒಂದು.