ಕಿರುಬೆರಳಿಗೆ ಮಾತ್ರ ಜೋಮು ಹಿಡಿಯಲ್ಲ

ರೆಕಾರ್ಡ್ ಬರೆದು, ಕೋಡ್ ಟೈಪ್ ಮಾಡಿ ಕೈ ನೋವು ಅಂದ್ರೆ ಸಾಕು, ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಡಾಕ್ಟರೇ. "ಮಗಾ, ನಿಂಗೆ ಕಾರ್ಪಲ್ ಟನಲ್ ಸಿಂಡ್ರೋಮ್" ಅಂತ ಹೇಳಿಬಿಡ್ತೀವಿ. ಆ ಟನಲ್ ಎಲ್ಲಿದೆ ಅಂತ ಕೇಳಿದ್ರೆ ಮಾತ್ರ ಯಾರೂ ಬಾಯಿ ಬಿಡಲ್ಲ.

ಅದು ಇರೋದು ಮಣಿಕಟ್ಟಿನಲ್ಲಿ, ಅಂಗೈ ಶುರುವಾಗುವ ಜಾಗದಲ್ಲಿ. ತಳ ಮತ್ತು ಗೋಡೆ ಮಣಿಕಟ್ಟಿನ ಸಣ್ಣ ಮೂಳೆಗಳದ್ದು, ಛಾವಣಿ ಒಂದು ಗಟ್ಟಿ ಲಿಗಮೆಂಟ್ ಪಟ್ಟಿ. ಒಳಗೆ ಬೆರಳು ಮಡಚುವ 9 ಟೆಂಡನ್‌ಗಳು, ಜೊತೆಗೆ ಮೀಡಿಯನ್ ನರ. ಒಂದೇ ಕಾಂಡೂಟ್ ಪೈಪಿನಲ್ಲಿ 10 ವೈರ್ ತುರುಕಿದ ಹಾಗೆ. ಪೈಪು ಹಿಗ್ಗಲ್ಲ. ಟೆಂಡನ್ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡ್ರೂ ಏಟು ಬೀಳೋದು ಮೆತ್ತಗಿರುವ ನರಕ್ಕೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟು ಈ ನರದ ಏರಿಯಾ. ಕಿರುಬೆರಳಿನ ನರ ಟನಲ್ ಹೊರಗಿನಿಂದ ಹೋಗುತ್ತೆ. ಹಾಗಾಗಿ ಜೋಮು ಕಿರುಬೆರಳಲ್ಲೇ ಇದ್ರೆ ಕಾರಣ ಬೇರೆ ಇರಬೇಕು. ಇನ್ನೊಂದು ಗುರುತು ರಾತ್ರಿ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡು ಒಳಗಿನ ಒತ್ತಡ ಏರುತ್ತೆ, ಎಚ್ಚರವಾಗುತ್ತೆ, ಕೈ ಕೊಡವಿದ್ರೆ ಸ್ವಲ್ಪ ಆರಾಮ.

ಎಲ್ಲಾ ತಪ್ಪನ್ನೂ ಕೀಬೋರ್ಡ್ ಮೇಲೆ ಹಾಕೋದು ನಮಗೆ ಸರಿ ಕಾಣಲ್ಲ. ಟೈಪಿಂಗ್ ವಿಷಯದಲ್ಲಿ ಅಧ್ಯಯನಗಳಲ್ಲೇ ಒಮ್ಮತ ಇಲ್ಲ. ಬಿಗಿಯಾಗಿ ಹಿಡಿದು ಮಾಡಿದ್ದೇ ಮಾಡುವ ಕೆಲಸ, ಡ್ರಿಲ್‌ನಂಥ ಅದುರುವ ಯಂತ್ರ, ಇವುಗಳ ಮೇಲಿನ ಪುರಾವೆ ಹೆಚ್ಚು ಗಟ್ಟಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಿಗೆ, ಗರ್ಭಿಣಿಯರಿಗೆ ಸಾಧ್ಯತೆ ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಅಂದ್ರೆ ನಮ್ಮ ಕೈಗಿಂತ ಮೊದಲು ಅಮ್ಮನ ಕೈ ವಿಚಾರಿಸಬೇಕು. ಬಟ್ಟೆ ಹಿಂಡಿ, ರೊಟ್ಟಿ ತಟ್ಟಿ, ಕೊಯ್ಲಿನ ಕಾಲದಲ್ಲಿ ರಾತ್ರಿ ತನಕ ಅಡಿಕೆ ಸುಲಿದು, "ವಯಸ್ಸಾಯ್ತಲ್ಲ, ಜೋಮು ಹಿಡೀತದೆ" ಅಂತ ಸುಮ್ಮನಾಗಿಬಿಡ್ತಾರೆ. ಬಹಳ ಕಾಲ ಒತ್ತಡದಲ್ಲಿದ್ದ ನರ ಆಮೇಲೆ ಪೂರ್ತಿ ಸುಧಾರಿಸದೇ ಇರಬಹುದು. ಹೆಬ್ಬೆರಳ ಬುಡದ ಮಾಂಸ ಕರಗುತ್ತೆ, ಕೈಯಲ್ಲಿದ್ದ ಲೋಟ ಜಾರುತ್ತೆ.

ಬೇಗ ತೋರಿಸಿದ್ರೆ ಎಷ್ಟೋ ಜನಕ್ಕೆ ರಾತ್ರಿ ಮಣಿಕಟ್ಟನ್ನು ನೇರ ಇಡುವ ಪಟ್ಟಿಯಲ್ಲೇ ಕಡಿಮೆ ಆಗುತ್ತೆ. ಅನುಮಾನ ಇದ್ರೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಿಗ್ನಲ್ ಎಷ್ಟು ಮಿಲಿಸೆಕೆಂಡ್ ತಡ ಅಂತ ಅಳೀತಾರೆ (ಎಲೆಕ್ಟ್ರಾನಿಕ್ಸ್‌ನವರು ಖುಷಿ ಪಡಬಹುದು). ಜೋರಾಗಿದ್ರೆ ಆಪರೇಷನ್, ಅಂದ್ರೆ ಆ ಲಿಗಮೆಂಟ್ ಕತ್ತರಿಸಿ ಟನಲ್ ಸಡಿಲ ಮಾಡೋದು.

ನಾವು ಮಾಡಬಹುದಾದ್ದು ಸಣ್ಣದು. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಣಿಕಟ್ಟು ಮೇಲಕ್ಕೆ ಬಗ್ಗಿಸಿ ಟೈಪ್ ಮಾಡಬಾರದು, ಟೇಬಲ್ ಅಂಚು ಮಣಿಕಟ್ಟಿಗೆ ಒತ್ತಬಾರದು, ವರ್ಕ್‌ಶಾಪ್‌ನಲ್ಲಿ ಫೈಲ್ ಹಿಡಿಕೆಯನ್ನು ಬೇಕಾದ್ದಕ್ಕಿಂತ ಬಿಗಿ ಹಿಡಿಯಬಾರದು, ನಡುನಡುವೆ ಕೈ ಬಿಡಬೇಕು.

ಇವತ್ತು ಮನೆಗೆ ವಿಡಿಯೋ ಕಾಲ್ ಮಾಡಿದಾಗ ಎರಡೂ ಕೈಗಳ ಹಿಂಭಾಗ ತಾಗಿಸಿ, ಬೆರಳು ಕೆಳಗೆ ಮಾಡಿ 1 ನಿಮಿಷ ಹಿಡಿಯೋಕೆ ಹೇಳಿ. ಇದಕ್ಕೆ ಫೇಲನ್ ಪರೀಕ್ಷೆ ಅಂತಾರೆ. ಹೇಳಿದ ಬೆರಳುಗಳಲ್ಲೇ ಜೋಮು ಬಂದ್ರೆ ಅದೊಂದು ಸುಳಿವು. ಖಚಿತ ಮಾಡೋದು ಡಾಕ್ಟರ ಕೆಲಸ. ಅಮ್ಮ "ಏನೂ ಆಗಿಲ್ಲ ಬಿಡೋ" ಅಂತಾರೆ, ಪೂರ್ತಿ 60 ಸೆಕೆಂಡ್ ಎಣಿಸಿ.