ಎಡಜಡೆಗೆ ಕಂಡಿಷನರ್, ಬಲಜಡೆಗೆ ಗಂಪು

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ನನ್ನ ತಲೆಯ ವಿಚಾರ ಬಿಡಿ, ಆ ಖಾತೆ ಮುಚ್ಚಿ ಇಪ್ಪತ್ತು ವರ್ಷವಾಯಿತು. ಆದರೆ ಇದು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ನೋಟು ಎಣಿಸಿದ ಕೈ. ನಿವೃತ್ತಿಯ ನಂತರವೂ ಏನಾದರೊಂದನ್ನು ಎಣಿಸದೆ ಇದಕ್ಕೆ ಸಮಾಧಾನವಿಲ್ಲ. ಕಳೆದ ನವೆಂಬರಿನಿಂದ ಫೆಬ್ರವರಿಯವರೆಗೆ ಅದು ಎಣಿಸಿದ್ದು ನನ್ನ ಮೊಮ್ಮಗಳ ತಲೆಯಿಂದ ಉದುರಿದ ಕೂದಲನ್ನು.

ಮೊಮ್ಮಗಳನ್ನು ಮನೆಯಲ್ಲಿ ಪುಟ್ಟಿ ಎಂದೇ ಕರೆಯುತ್ತೇವೆ. ಎಂಟನೇ ತರಗತಿ. ಆಗಸ್ಟ್ ಕೊನೆಯಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಐದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪ್ಲೇಟ್‌ಲೆಟ್ ಎಷ್ಟಾಯಿತು, ಎಷ್ಟಾಯಿತು ಎಂದು ಕೇಳಿದ್ದೇ ಕೇಳಿದ್ದು. ದೇವರ ದಯೆ, ಗುಣವಾಯಿತು. ದಸರಾ ರಜೆಯಲ್ಲಿ ಬೀದಿಯ ಮಕ್ಕಳ ಜೊತೆ ಸೈಕಲ್ ಹೊಡೆದಳು. ಜ್ವರದ ಮಾತು ಎಲ್ಲರಿಗೂ ಮರೆತೇಹೋಗಿತ್ತು. ದೀಪಾವಳಿಯ ನಂತರ ನೋಡಿದರೆ ಬಾಚಣಿಗೆ ತುಂಬ ಕೂದಲು. ದಿಂಬಿನ ಮೇಲೆ ಕೂದಲು, ಬಚ್ಚಲಿನ ಜಾಲರಿಯಲ್ಲಿ ಕೂದಲು, ಒಂದು ದಿನ ನನ್ನ ಚಪಾತಿಯಲ್ಲೂ ಕೂದಲು. ಮೊಳಕೈ ದಪ್ಪ ಎಂದು ಅವಳ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದ ಜಡೆ ಹೆಬ್ಬೆರಳಿನ ದಪ್ಪಕ್ಕೆ ಇಳಿದಿತ್ತು.

ಅವಳ ಶಾಲೆಯಲ್ಲಿ ಎರಡು ಜಡೆ, ನೀಲಿ ರಿಬ್ಬನ್ ಕಡ್ಡಾಯ. ಯಾರೋ ಹಿಂದಿನ ಬೆಂಚಿನಿಂದ 'ಇಲಿ ಬಾಲ' ಎಂದರಂತೆ. ಮಾರನೇ ದಿನವೇ ಇವಳು ವಾರ್ಷಿಕೋತ್ಸವದ ಡ್ಯಾನ್ಸಿನಿಂದ ತನ್ನ ಹೆಸರು ತೆಗೆಯಿರಿ ಎಂದು ಟೀಚರಿಗೆ ಹೇಳಿ ಬಂದಳು. ಆ ರಾತ್ರಿ ನನ್ನ ಪಕ್ಕ ಮಲಗಿ ಕೇಳಿದಳು: "ಅಜ್ಜಾ, ನಾನೂ ನಿನ್ನ ಹಾಗೇ ಆಗ್ತೀನಾ?"

ನನ್ನ ಬೋಳು ತಲೆಯ ಬಗ್ಗೆ ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ, ನಾನೂ ಮಾಡಿಕೊಳ್ಳುತ್ತೇನೆ. ಅವಳು ಕೇಳಿದ್ದು ತಮಾಷೆಗಲ್ಲ.

ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದನ್ನು ಮಕ್ಕಳಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ನಮ್ಮ ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಲೆಕ್ಕ. ಆಮೇಲೆ ಬೆಳೆಯುವುದನ್ನು ನಿಲ್ಲಿಸಿ ಎರಡು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರುತ್ತದೆ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಆರೋಗ್ಯವಾಗಿರುವವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೋರು ಜ್ವರ ಬಂದಾಗ ದೇಹ ಕೂದಲು ಬೆಳೆಸುವ ಕೆಲಸವನ್ನು ಬದಿಗಿಟ್ಟು ಜೀವ ಉಳಿಸಿಕೊಳ್ಳಲು ಹೊರಡುತ್ತದೆ. ಆಗ ಸಾವಿರಾರು ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಆಗಸ್ಟಿನ ಜ್ವರದ ಬಿಲ್ಲು ನವೆಂಬರಿನಲ್ಲಿ ಬಂದದ್ದು ಹಾಗೆ. ಬೇರು ಸತ್ತಿಲ್ಲ, ನಿಮ್ಮಜ್ಜನ ತಲೆಯ ಕಥೆಯೇ ಬೇರೆ, ನಿನ್ನದು ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಡಾಕ್ಟರು ಪುಟ್ಟಿಗೆ ನೇರವಾಗಿ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ಕಡಿಮೆ ಇತ್ತು. ಮಾತ್ರೆ ಬರೆದುಕೊಟ್ಟು, ಅದರ ಜೊತೆ ಕಾಫಿ, ಟೀ ಕುಡಿಯಬೇಡ, ನಿಂಬೆಹಣ್ಣಿನ ಪಾನಕ ಕುಡಿ ಎಂದರು.

ಆದರೆ ಹದಿಮೂರು ವರ್ಷದ ಹುಡುಗಿಗೆ ಆರು ತಿಂಗಳೆಂದರೆ ಒಂದು ಯುಗ. ಇದನ್ನು ನೋಡಲಾರದೆ ನನ್ನ ಸೊಸೆ ತಾನು ಹೋಗುವ ಸಲೂನಿನಿಂದ ಒಂದು ಕಂಡಿಷನರ್ ತಂದಳು. ಸಲೂನಿನವರೇ ಬಳಸುವ ಬ್ರ್ಯಾಂಡಂತೆ. 200 ಮಿಲಿಲೀಟರಿಗೆ 980 ರೂಪಾಯಿ. ಮಿಲಿಲೀಟರಿಗೆ 4 ರೂಪಾಯಿ 90 ಪೈಸೆ ಆಯಿತು. ಬಾಟಲಿಯ ಮುಂದೆ 'ತುಂಬು ಕೂದಲು, ಆರೋಗ್ಯವಂತ ಕೂದಲು' ಎಂಬರ್ಥದ ದೊಡ್ಡ ಅಕ್ಷರ. ಅಜ್ಜಿ ಬೆಲೆ ಕೇಳಿ, "ಹಿತ್ತಲಲ್ಲಿ ದಾಸವಾಳ ಇದೆಯಲ್ಲ, ಗಂಪು ಮಾಡಿಕೊಡ್ತಿದ್ದೆ" ಎಂದಳು. ಅತ್ತೆ ಸೊಸೆಯರ ನಡುವೆ ಒಂದು ದಿನದ ಮೌನ.

ಮಲೆನಾಡಿನವರಿಗೆ ಗಂಪು ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ದಾಸವಾಳದ ಅಥವಾ ಮತ್ತಿಯ ಎಲೆಯನ್ನು ನೀರಲ್ಲಿ ನೆನೆಸಿ ಕೈಯಿಂದ ಚೆನ್ನಾಗಿ ಹಿಚುಕಿದರೆ ಲೋಳೆ ಬಿಡುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ತಲೆಗೆ ಹಚ್ಚುವುದು. ನನ್ನ ತಾಯಿ ಸೀಗೆಕಾಯಿಯ ಜೊತೆ ಇದನ್ನೇ ಬಳಸುತ್ತಿದ್ದರು.

ಮನೆಯ ಜಗಳ ಬಗೆಹರಿಸುವ ದಾರಿ ಪುಟ್ಟಿಯ ತಲೆಯ ಮೇಲೆಯೇ ಇತ್ತು. ಶಾಲೆಯ ಕೃಪೆಯಿಂದ ಅವಳಿಗೆ ಎರಡು ಜಡೆ. ತಲೆ ಒಂದೇ, ಜ್ವರ ಒಂದೇ, ಊಟ ಒಂದೇ, ಶಾಂಪೂ ಒಂದೇ. ಬುಧವಾರ ಮತ್ತು ಭಾನುವಾರ ತಲೆಸ್ನಾನ. ಶಾಂಪೂ ತೊಳೆದ ಮೇಲೆ ಎಡಭಾಗಕ್ಕೆ ಕಂಡಿಷನರ್ 10 ಮಿಲಿಲೀಟರ್, ಬಲಭಾಗಕ್ಕೆ ಗಂಪು. ಎಂಟು ವಾರ. ಉದುರಿದ್ದನ್ನು ಎರಡು ಬೇರೆ ಲಕೋಟೆಯಲ್ಲಿ ಹಾಕಿ ನನಗೆ ಕೊಡುವುದು. ಪುಟ್ಟಿ ಒಂದೇ ಮಾತಿಗೆ ಒಪ್ಪಿದಳು. ಅದುವರೆಗೆ ಕನ್ನಡಿಯ ಮುಂದೆ ಅಳುತ್ತಿದ್ದವಳು ಅಂದು ಸ್ಕೇಲು, ದಾರ, ಭೂತಗನ್ನಡಿ ಹುಡುಕಿಕೊಂಡು ಓಡಾಡಿದಳು.

ಪ್ರಯೋಗ ಶುರುವಾಗುವ ಮೊದಲು ಇಬ್ಬರೂ ಕೂತು ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದೆವು. ಸಾಲಪತ್ರದ ಹಿಂದಿನ ಸಣ್ಣ ಅಕ್ಷರ ಓದಿ ಅಭ್ಯಾಸವಿದ್ದವನಿಗೆ ಇದೇನು ಮಹಾ! ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಆಮೇಲೆ ಎಂಬುದು ಇಲ್ಲಿನ ಕ್ರಮ. ಮೊದಲನೆಯದು ನೀರು. ಎರಡನೆಯದು ಸೀಟೈಲ್ ಆಲ್ಕೋಹಾಲ್. ಅಜ್ಜಿ ಹೌಹಾರಿದಳು. ಗಾಬರಿ ಬೇಡ, ಇದು ಕುಡಿಯುವ ಸಾರಾಯಿಯ ಜಾತಿಯಲ್ಲ. ಮೇಣದಂಥ ಗಟ್ಟಿ ಪದಾರ್ಥ, ಕ್ರೀಮಿಗೆ ದಪ್ಪ ಕೊಡುವುದು ಇದೇ. ಆಮೇಲೆ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಡೈಮೆಥಿಕೋನ್. ಬಾಟಲಿಯ ಮುಂದೆ ಅಷ್ಟು ದೊಡ್ಡದಾಗಿ ಬರೆದಿದ್ದ ಬಯೋಟಿನ್ ಹಿಂದಿನ ಪಟ್ಟಿಯಲ್ಲಿ ಸುವಾಸನೆಯೂ ಮುಗಿದ ಮೇಲೆ, ಮೂಲೆಯಲ್ಲಿ ಕೂತಿತ್ತು.

ಇವು ಮಾಡುವ ಕೆಲಸ ಏನು? ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಚರ್ಮದಿಂದ ಹೊರಗೆ ಬಂದ ಮೇಲೆ ಅದರಲ್ಲಿ ಜೀವವಿಲ್ಲ. ಕತ್ತರಿಸಿದರೆ ನೋಯದಿರುವುದು ಅದಕ್ಕೇ. ಅದರ ಹೊರಮೈ ಹೆಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದಿಸಿದ ಸಣ್ಣ ಹಾಳೆಗಳು. ಬಿಸಿಲು, ಉಜ್ಜಾಟ, ಒದ್ದೆ ತಲೆ ಬಾಚುವುದು ಇವುಗಳಿಂದ ಹೆಂಚು ಏಳುತ್ತದೆ, ಒಡೆಯುತ್ತದೆ. ಆಗ ಕೂದಲಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಒದ್ದೆ ಕೂದಲಿನ ಮೇಲೆ ಋಣ ಆವೇಶ ಇರುತ್ತದೆ, ಸವೆದಿದ್ದಷ್ಟೂ ಹೆಚ್ಚು. ಕಂಡಿಷನರಿನ ಆ ಉದ್ದ ಹೆಸರಿನ ಪದಾರ್ಥದ್ದು ಧನ ಆವೇಶ. ಹಾಗಾಗಿ ಸವೆದ ಜಾಗಕ್ಕೇ ಹೋಗಿ ಅಂಟಿಕೊಳ್ಳುತ್ತದೆ, ತೊಳೆದರೂ ತೆಳುವಾದ ಒಂದು ಪದರ ಉಳಿಯುತ್ತದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಅದರ ಮೇಲೆ ಜಾರುವ ಹೊದಿಕೆ ಹಾಕುತ್ತದೆ. ಇಷ್ಟೂ ನಡೆಯುವುದು ಕೂದಲಿನ ಮೈಮೇಲೆ. ಬೇರು ಇರುವುದು ಚರ್ಮದ ಒಳಗೆ. ಅಲ್ಲಿಗೆ ಇದರ ಸಂಬಂಧವಿಲ್ಲ. ಅದಕ್ಕೇ ಕಂಡಿಷನರನ್ನು ಬುಡಕ್ಕೆ ಹಚ್ಚಬಾರದು, ನಡುವಿನಿಂದ ತುದಿಯವರೆಗೆ ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯಬೇಕು. ಬುಡಕ್ಕೆ ಮೆತ್ತಿದರೆ ಕೂದಲು ಚಪ್ಪಟೆಯಾಗಿ ಇದ್ದದ್ದೂ ಕಡಿಮೆ ಕಾಣುತ್ತದೆ.

ಶಾಂಪೂ ಎಂಬ ಮಾತು ನಮ್ಮ ದೇಶದ್ದೇ ಎಂದು ಹೇಳಿದಾಗ ಪುಟ್ಟಿ ನಂಬಲಿಲ್ಲ. ಒತ್ತು, ತಿಕ್ಕು ಎಂಬ ಅರ್ಥದ ಹಿಂದಿಯ 'ಚಾಂಪೋ' ಇಂಗ್ಲಿಷಿಗೆ ಹೋಗಿ ಶಾಂಪೂ ಆಯಿತು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಕ್ ದೀನ್ ಮಹಮ್ಮದ್ ಎಂಬವರು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮೈತಿಕ್ಕುವ ಸ್ನಾನಗೃಹ ನಡೆಸಿ, ಅಲ್ಲಿನ ಇಬ್ಬರು ದೊರೆಗಳಿಗೆ ತಿಕ್ಕುವ ವೈದ್ಯರಾಗಿದ್ದರು. ಇದನ್ನು ಅವಳು ಶಾಲೆಯಲ್ಲಿ ಹೇಳಿ ಸಮಾಜ ಮೇಷ್ಟರಿಂದ ಶಹಬ್ಬಾಸ್ ಪಡೆದಳು.

ಈಗ ಲೆಕ್ಕಕ್ಕೆ ಬರೋಣ. ಮೊದಲ ಭಾನುವಾರ ಎಡಗಡೆ 131, ಬಲಗಡೆ 126. ಹತ್ತು ಹತ್ತು ಕಟ್ಟು ಮಾಡಿ ಎರಡು ಸಲ ಎಣಿಸಿದ್ದೇನೆ. ಭೂತಗನ್ನಡಿ ಹಿಡಿದ ಪುಟ್ಟಿ ಒಂದು ವಿಷಯ ಗಮನಿಸಿದಳು. ಕೆಲವು ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಗಂಟು ಇತ್ತು, ಕೆಲವಕ್ಕೆ ಇರಲಿಲ್ಲ. ಗಂಟು ಇರುವುದು ಬುಡದಿಂದ ಉದುರಿದ್ದು, ಇಲ್ಲದ್ದು ಮಧ್ಯದಲ್ಲಿ ತುಂಡಾದದ್ದು. ಅಲ್ಲಿಂದ ನಮ್ಮ ಡೈರಿಯಲ್ಲಿ ಎರಡು ಕಾಲಂ ಆಯಿತು. ತುಂಡಾದ ಕೂದಲು ಆರಂಭದಲ್ಲಿ ಎರಡೂ ಕಡೆ ಮೂವತ್ತರ ಆಸುಪಾಸು. ನಾಲ್ಕನೇ ವಾರಕ್ಕೆ ಎಡಗಡೆ 9, ಬಲಗಡೆ 12. ಸಿಕ್ಕು ಬಿಡಿಸಲು ಮೊದಲು ಒಂದೊಂದು ಕಡೆಗೆ 12 ನಿಮಿಷ ಬೇಕಿತ್ತು. ಎಡಗಡೆ 4 ನಿಮಿಷಕ್ಕೆ ಇಳಿಯಿತು, ಬಲಗಡೆ 6ಕ್ಕೆ. ಮುಟ್ಟಿದರೆ ಎಡಜಡೆಯೇ ನುಣುಪು. ಕಣ್ಣು ಮುಚ್ಚಿಕೊಂಡು ಮುಟ್ಟಿದ ಅಜ್ಜಿಯೂ ಎಡಗಡೆಯದನ್ನೇ ಮೆಚ್ಚಿದಳು. ಕಣ್ಣು ಬಿಟ್ಟ ಮೇಲೆ, "ವಾಸನೆ ಮಾತ್ರ ನಂದೇ ಚೆಂದ" ಎಂದಳು.

ಬುಡದಿಂದ ಉದುರುವ ಕೂದಲಿನ ಕಾಲಂ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಐದು ವಾರ ಅಷ್ಟಿಷ್ಟು ಏರಿಳಿತ ಬಿಟ್ಟರೆ ಹಾಗೇ ನಿಂತಿತ್ತು. ಆರನೇ ವಾರದಿಂದ ಇಳಿಯತೊಡಗಿತು. ಎಡಕ್ಕೂ ಬಲಕ್ಕೂ ಒಂದೇ ಸಮ ಇಳಿಯಿತು. ಎಂಟನೇ ವಾರ ಎಡಗಡೆ 64, ಬಲಗಡೆ 66. ದಾರ ಸುತ್ತಿ ಅಳೆದ ಜಡೆಯ ಸುತ್ತಳತೆ ಎರಡೂ ಕಡೆ ಮೊದಲ ದಿನ 5 ಸೆಂಟಿಮೀಟರ್, ಕೊನೆಯ ದಿನವೂ 5. ಅಂದರೆ ಇಳಿಸಿದ್ದು ಬಾಟಲಿಯೂ ಅಲ್ಲ, ಎಲೆಯೂ ಅಲ್ಲ. ಡಾಕ್ಟರು ಹೇಳಿದ ಹಾಗೆ ಜ್ವರದ ಬಾಕಿ ತಾನಾಗಿಯೇ ತೀರುತ್ತಿತ್ತು.

ಖರ್ಚು: ಕಂಡಿಷನರ್ ಒಂದು ಸಲಕ್ಕೆ 49 ರೂಪಾಯಿ, ಅದೂ ಅರ್ಧ ತಲೆಗೆ. ಗಂಪಿಗೆ ದುಡ್ಡಿಲ್ಲ. ಆದರೆ ಅಜ್ಜಿಗೆ ಪ್ರತಿಸಲ ಮುಕ್ಕಾಲು ಗಂಟೆ ಕೆಲಸ, ಎಲೆಯ ಚೂರು ಸಿಕ್ಕಿ ಬಚ್ಚಲಿನ ಪೈಪು ಕಟ್ಟಿದ್ದಕ್ಕೆ ಪ್ಲಂಬರಿಗೆ 300 ರೂಪಾಯಿ. ಅಜ್ಜಿಯ ಕೂಲಿಗೆ ಒಂದು ಕಾಲಂ ಎಳೆದು, ಮೊತ್ತ ಅವಳೇ ಹೇಳಲಿ ಎಂದು ಖಾಲಿ ಬಿಟ್ಟಿದ್ದೇನೆ. ಈವರೆಗೆ ಹೇಳಿಲ್ಲ. ಹೇಳದೇ ಇರುವುದೇ ನನಗೆ ಭಯ. ದಿನಸಿ ಅಂಗಡಿಯಲ್ಲಿ ಸಿಗುವ ಸಾಧಾರಣ ಕಂಡಿಷನರಿನ ಹಿಂಬದಿಯನ್ನೂ ಓದಿ ನೋಡಿದೆ. ಮೊದಲ ನಾಲ್ಕೈದು ಪದಾರ್ಥ ಹೆಚ್ಚುಕಡಿಮೆ ಅವೇ, ಬೆಲೆ ಮಾತ್ರ ಕಾಲುಭಾಗ. ಸಿಕ್ಕು ಬಿಡಿಸುವುದಕ್ಕೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಸೊಸೆ ಒಪ್ಪುವುದಿಲ್ಲ. "ಮಾವ, ನೀವು ಬಾಟಲಿ ಓದ್ತೀರಿ, ನಾವು ತಲೆ ಬಾಚ್ತೀವಿ" ಎನ್ನುತ್ತಾಳೆ.

ಡ್ಯಾನ್ಸಿನ ವಿಷಯ ಬಾಕಿ ಇದೆ. ಡಿಸೆಂಬರ್ ಮಧ್ಯದಲ್ಲಿ ಒಂದು ಸಂಜೆ ಪುಟ್ಟಿ ಡೈರಿಯ ಪುಟಗಳನ್ನು ತಿರುವಿ ನೋಡಿ, "ಅಜ್ಜಾ, ಇದು ಜನವರಿಯೊಳಗೆ ದಪ್ಪ ಆಗಲ್ಲ ಅಲ್ವಾ?" ಎಂದಳು. ಇಲ್ಲ ಎಂದೆ. ಸುಳ್ಳು ಹೇಳಲು ಅಂಕಿಗಳು ಅವಳ ಕೈಯಲ್ಲೇ ಇದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೀಗೇ ಕುಣೀತೀನಿ" ಎಂದು ಟೀಚರಿಗೆ ಫೋನು ಮಾಡಲು ಎದ್ದಳು. ಟೀಚರು ನಕ್ಕು, ಎಲ್ಲ ಹುಡುಗಿಯರಿಗೂ ಚೌರಿ ಸೇರಿಸಿ ಮೊಗ್ಗಿನ ಜಡೆಯನ್ನೇ ಹಾಕುವುದು ಎಂದರಂತೆ. ಅಜ್ಜಿ ಟ್ರಂಕಿನಿಂದ ತನ್ನ ಮದುವೆಯ ಚೌರಿ ತೆಗೆದು ಕೊಡವಿದಳು. ಐವತ್ತು ವರ್ಷದ ಹಿಂದೆ ನಾನು ಮೆಚ್ಚಿದ್ದ ಉದ್ದ ಜಡೆಯಲ್ಲಿ ಅರ್ಧ ಆ ಟ್ರಂಕಿನಲ್ಲಿತ್ತು ಎಂದು ನನಗೆ ತಿಳಿದದ್ದು ಆವತ್ತೇ.

ಫೆಬ್ರವರಿಯಲ್ಲಿ ಪುಟ್ಟಿಯ ಹಣೆಯ ಮೇಲಂಚಿನಲ್ಲಿ, ಬೈತಲೆಯ ಎರಡೂ ಬದಿಯಲ್ಲಿ ಎರಡು ಸೆಂಟಿಮೀಟರಿನ ಹೊಸ ಕೂದಲುಗಳು ಎದ್ದು ನಿಂತಿವೆ. ಜಡೆಗೆ ಸಿಗುವುದಿಲ್ಲ, ಬಾಚಿದರೆ ಮಲಗುವುದಿಲ್ಲ. ನಾನೂ ಸೊಸೆಯೂ ಅವನ್ನು ನೋಡಿ ಖುಷಿಪಟ್ಟರೆ, ಅವಳು ಮುಳ್ಳುಹಂದಿ ಹಾಗಿದೆ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಅಂಟಿಸಲು ನೋಡುತ್ತಾಳೆ. ಎಣಿಕೆಯ ಡೈರಿ ಮುಚ್ಚಿದ್ದೇನೆ. ಬಾಟಲಿಯಲ್ಲಿ ಉಳಿದಿದ್ದ 40 ಮಿಲಿಲೀಟರಿಗೆ ಹಳೆಯ ಅಭ್ಯಾಸದಂತೆ ಪೆನ್ನಿನಲ್ಲಿ ಗುರುತು ಹಾಕಿ ಇಟ್ಟಿದ್ದೆ. ಮೊನ್ನೆ ನೋಡಿದರೆ ಗುರುತಿಗಿಂತ ಒಂದು ಬೆರಳು ಕೆಳಗಿದೆ. ಪುಟ್ಟಿ ತಾನು ಮುಟ್ಟಿಲ್ಲ ಎನ್ನುತ್ತಾಳೆ. ಸೊಸೆ ತಾನೂ ಅಲ್ಲ ಎನ್ನುತ್ತಾಳೆ. ಅಜ್ಜಿಯನ್ನು ಕೇಳಿದರೆ, ಹಿತ್ತಲಿನ ದಾಸವಾಳಕ್ಕೆ ಹುಳ ಬಿದ್ದಿದೆ, ಮೊದಲು ಅದನ್ನು ನೋಡಿ ಎನ್ನುತ್ತಾಳೆ.