ಹಕ್ಕಲಿಗೆ ಹೊರಡುವ ಮುನ್ನ

ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ ನಾರ್ತ್ ಕೆರೊಲಿನಾ. ಅಲ್ಲಿ ಕೊಯ್ಲಿನ ಕಾಲಕ್ಕೆ ಯಂತ್ರ ಸಾಲು ಹಿಡಿದು ಮಣ್ಣು ತಿರುವಿ ಗೆಣಸನ್ನು ಮೇಲಕ್ಕೆತ್ತುತ್ತದೆ. ಅದರ ಹಿಂದೆ ಬರುವ ಕೂಲಿಯವರು ಅಂಗಡಿಗೆ ಸಲ್ಲುವ ಅಳತೆಯದನ್ನಷ್ಟೇ ಆರಿಸಿಕೊಳ್ಳುತ್ತಾರೆ. ತೀರ ದಪ್ಪನೆಯದು, ಬೆರಳುಗಾತ್ರದ್ದು, ಸೊಟ್ಟಗಿರುವುದು ಮಣ್ಣಿನ ಮೇಲೆಯೇ ಉಳಿಯುತ್ತವೆ. ರುಚಿಗೆ ಕೊರತೆಯಿಲ್ಲ, ಆದರೆ ಆರಿಸುವ ಕೂಲಿ ಅದರಿಂದ ಬರುವ ಹಣಕ್ಕಿಂತ ಹೆಚ್ಚು. ಬಿಸಿಲಿಗೆ ಬಿದ್ದ ಗೆಣಸು ಬೇಗ ಕೆಡುತ್ತದೆ. ಕೆಡದಿದ್ದರೂ ಮುಂದಿನ ಬೆಳೆಗೆಂದು ಟ್ರ್ಯಾಕ್ಟರ್ ಬಂದು ಉತ್ತುಬಿಡುತ್ತದೆ. ಕೊಯ್ಲಿಗೂ ಉಳುಮೆಗೂ ನಡುವಿನ ಆ ಸಣ್ಣ ಬಿಡುವಿನಲ್ಲಿ ಹೊಲಕ್ಕೆ ಇಳಿಯುವವರೇ ಹಕ್ಕಲಾಯುವ ಸ್ವಯಂಸೇವಕರು.

ಹೊಲದಲ್ಲಿ ಇಷ್ಟೊಂದು ಉಳಿಯುವುದು ರೈತರ ಸೋಮಾರಿತನದಿಂದಲ್ಲ. ಮಳೆ, ಹುಳ, ಆಲಿಕಲ್ಲು ಏನು ಮಾಡುತ್ತವೋ ಎಂಬ ಭಯದಿಂದ ಒಪ್ಪಂದಕ್ಕಿಂತ ಒಂದಷ್ಟು ಹೆಚ್ಚೇ ಬಿತ್ತುತ್ತಾರೆ. ಕಾಲ ಒಳ್ಳೆಯದಾದರೆ ಆ ಹೆಚ್ಚುವರಿಯೇ ಹೊರೆ. ಸೂಪರ್‌ಮಾರ್ಕೆಟ್‌ನವರು ಬಣ್ಣ, ಗಾತ್ರ ನೋಡಿ ತಿರಸ್ಕರಿಸುತ್ತಾರೆ, ಕೆಲವೊಮ್ಮೆ ಕೊನೇ ಗಳಿಗೆಯಲ್ಲಿ ಆರ್ಡರ್ ಇಳಿಸುತ್ತಾರೆ. ಬೆಲೆ ಕುಸಿದರಂತೂ ಕೊಯ್ಯುವುದೇ ನಷ್ಟ.

ಉಳಿದದ್ದನ್ನು ಬಡವರಿಗೆ ಬಿಡುವ ಕಟ್ಟಳೆ ತುಂಬ ಹಳೆಯದು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಎನ್ನುವ ನಿಯಮ ಬೈಬಲ್ಲಿನ ಯಾಜಕಕಾಂಡದಲ್ಲಿದೆ. ಅದೇ ಬೈಬಲ್ಲಿನ ರೂತಳ ಕತೆ ನಡೆಯುವುದೇ ಹಕ್ಕಲಾಯುವ ಹೊಲದಲ್ಲಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೊಂದು ಶಿಸ್ತೇ ಇತ್ತು. ಹೊಲದಲ್ಲಿ ಒಂದು ಸಿವುಡು ನಿಂತಿರುವವರೆಗೆ ಯಾರೂ ಇಳಿಯುವಂತಿಲ್ಲ. ಅದನ್ನು ತೆಗೆದ ಮೇಲೆ ದಾರಿ ಮುಕ್ತ. ಅನೇಕ ಊರುಗಳಲ್ಲಿ ಬೆಳಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೆ ಶುರು, ಸಂಜೆ ಗಂಟೆಗೆ ನಿಲುಗಡೆ. ಮಕ್ಕಳನ್ನು ಕಟ್ಟಿಕೊಂಡು ತಡವಾಗಿ ಬರುವ ತಾಯಿಗೂ ಪಾಲು ಸಿಗಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು. 1788ರಲ್ಲಿ ಸಫೋಕ್ ಪ್ರಾಂತದ ಮೇರಿ ಹೌಟನ್ ಎಂಬಾಕೆಯ ಮೊಕದ್ದಮೆಯಲ್ಲಿ, ಹಕ್ಕಲಾಯುವುದು ಬಡವರ ಕಾನೂನುಬದ್ಧ ಹಕ್ಕಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಆದರೂ ಹಳ್ಳಿಗಳು ರೂಢಿಯನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಅಂದು ಆಯುತ್ತಿದ್ದವರು ತಮ್ಮ ಹೊಟ್ಟೆಗೇ ಆಯುತ್ತಿದ್ದರು. ಇಂದು ಆಯುವವರು ಬೇರೆ, ಉಣ್ಣುವವರು ಬೇರೆ. ಈ ಬದಲಾವಣೆಯಿಂದಲೇ ನಡುವೆ ಹೊಂದಿಸಿಕೊಡುವ ಒಬ್ಬರು ಬೇಕಾದರು. ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಯಾರೂ ಕೀಳದೆ ಉಳಿದ ಕಿತ್ತಳೆ ಜಾತಿಯ ಹಣ್ಣುಗಳನ್ನು ತಂದು ಆ ಅಡುಗೆಮನೆಗೆ ಕೊಡುತ್ತಿದ್ದ ಅವರು 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಕಟ್ಟಿದರು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎಂದು ಹೇಳುವುದು ಅದನ್ನೇ. ವರ್ಜೀನಿಯಾದಲ್ಲಿ 1979ರಲ್ಲಿ ಮೆಥಡಿಸ್ಟ್ ಪಾದ್ರಿಗಳಿಬ್ಬರು ಶುರುಮಾಡಿದ ಸೊಸೈಟಿ ಆಫ್ ಸೇಂಟ್ ಆಂಡ್ರ್ಯೂ, 1983ರಲ್ಲಿ ಮಾರಾಟವಾಗದ ಆಲೂಗಡ್ಡೆಯನ್ನು ಲಾರಿಗಟ್ಟಲೆ ಸಾಗಿಸತೊಡಗಿತು. 1988ರಿಂದ ಅದು ಸ್ವಯಂಸೇವಕರ ಹಕ್ಕಲು ಜಾಲವನ್ನೂ ನಡೆಸುತ್ತಿದೆ. ಬ್ರಿಟನ್ನಿನಲ್ಲಿ ಫೀಡ್‌ಬ್ಯಾಕ್ ಸಂಸ್ಥೆ ಇಂಥದೇ ಜಾಲ ಕಟ್ಟಿತು.

ಇಂಥ ಕಡೆ ಕೆಲಸ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. "ನಾಳಿದ್ದು ಉಳುತ್ತೇನೆ, ಬೇಕಿದ್ದರೆ ಬನ್ನಿ" ಎಂದು ರೈತರು ಫೋನ್ ಮಾಡುತ್ತಾರೆ. ಆ ಫೋನ್ ಎತ್ತುವ ಸಂಯೋಜಕರು ಏನು ಬೆಳೆ, ಎಷ್ಟು ಎಕರೆ, ಲಾರಿ ಹೊಲದ ತನಕ ಬರುತ್ತದೆಯೇ, ಶೌಚಾಲಯವಿದೆಯೇ, ಯಾವ ಸಾಲಿಗೆ ಕೈ ಹಾಕಬಾರದು ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಹೊಸಬರು ಎಡವುವುದು ಇದರ ನಂತರ. ಉತ್ಸಾಹದಲ್ಲಿ ಮೊದಲು ಜನರನ್ನು ಕೂಡಿಸುತ್ತಾರೆ. ಅನುಭವಿಗಳು ಮೊದಲು ಫೋನ್ ಮಾಡುವುದು ಉಣ್ಣುವವರ ಕಡೆಗೆ: ನಾಳೆ ಸಂಜೆ ನಿಮ್ಮ ಬಾಗಿಲು ತೆರೆದಿರುತ್ತದೆಯೇ, ಇಷ್ಟು ಮೂಟೆ ಇಡಲು ಜಾಗವಿದೆಯೇ, ಫ್ರಿಜ್ ಇದೆಯೇ? ವಾರಕ್ಕೊಂದೇ ದಿನ ತೆರೆಯುವ ವಿತರಣಾ ಕೇಂದ್ರಕ್ಕೆ ಆಲೂಗಡ್ಡೆ ಕೊಡಬಹುದು, ಸೊಪ್ಪು ಕೊಟ್ಟರೆ ಕಸಕ್ಕೆ ಕೊಟ್ಟಂತೆ. ತಲುಪುವ ಜಾಗ ಗೊತ್ತಾದ ಮೇಲೆ ವಾಹನ, ವಾಹನ ಸಿಕ್ಕ ಮೇಲೆ ಕೈಗಳು. ಈ ಸರದಿ ತಲೆಕೆಳಗಾದರೆ ಹೊಲದಲ್ಲಿ ಕೊಳೆಯಬೇಕಾದದ್ದು ಊರಿನಲ್ಲಿ ಕೊಳೆಯುತ್ತದೆ, ಅಷ್ಟೇ.

ಜನ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವುದೂ ಭ್ರಮೆ. ನೋಡಿಕೊಳ್ಳುವವರು ಒಬ್ಬರೇ ಇದ್ದು ಬಸ್ಸಿನ ತುಂಬ ಶಾಲಾ ಮಕ್ಕಳು ಬಂದಿಳಿದರೆ, ಇನ್ನೂ ಕೊಯ್ಯದ ಪಕ್ಕದ ಸಾಲು ತುಳಿದು ಹಾಳಾಗುತ್ತದೆ. ಹಾಗೊಮ್ಮೆ ನಷ್ಟವಾದ ರೈತರು ಮತ್ತೆ ಫೋನ್ ಮಾಡುವುದಿಲ್ಲ. ಈ ಇಡೀ ಕೆಲಸದ ಬಂಡವಾಳ ಆ ಫೋನ್ ಕರೆಯೇ ಆದ್ದರಿಂದ, ಸಂಯೋಜಕರು ಬೇರೆಲ್ಲಕ್ಕಿಂತ ರೈತರ ಮನಸ್ಸು ಕಾಯುತ್ತಾರೆ: ಹೇಳಿದ ಹೊತ್ತಿಗೆ ಬರುವುದು, ಗೇಟು ಮುಚ್ಚುವುದು, ತೂಕ ಹಾಕಿ ರಸೀದಿ ಕೊಡುವುದು. ಅಮೆರಿಕದಲ್ಲಿ ದಾನದ ಮೇಲಿನ ತೆರಿಗೆ ವಿನಾಯಿತಿಗೆ ಆ ಲೆಕ್ಕ ಬೇಕಾಗುತ್ತದೆ.

ಹೊಲಕ್ಕೆ ಇಳಿಯುವ ಮುನ್ನ ಒಂದು ಸಣ್ಣ ಪಾಠ ಇರುತ್ತದೆ. ಕೈ ತೊಳೆಯಿರಿ, ವಾಂತಿಭೇದಿ ಆಗಿದ್ದವರು ಮನೆಗೆ ಹೋಗಿ, ನಾಯಿ ತರಬೇಡಿ. ಗೆಣಸನ್ನು ಬಕೆಟ್ಟಿಗೆ ಎಸೆಯಬೇಡಿ, ಬಗ್ಗಿ ಇಡಿ, ಏಕೆಂದರೆ ಹೊಸದಾಗಿ ಕಿತ್ತ ಗೆಣಸಿನ ಸಿಪ್ಪೆ ತೆಳು, ತರಚಿದ ಕಡೆಯಿಂದಲೇ ಕೊಳೆ ಹತ್ತುತ್ತದೆ. ಸೇಬಿನ ತೋಟವಾದರೆ ನಿಯಮ ಇನ್ನೂ ಬಿಗಿ: ನೆಲಕ್ಕೆ ಬಿದ್ದ ಹಣ್ಣನ್ನು ಮುಟ್ಟುವಂತಿಲ್ಲ. ಪ್ರಾಣಿಗಳ ಸಗಣಿಯಿಂದ ಬರುವ ರೋಗಾಣುಗಳ ಭಯದಿಂದ, ಹಸಿಯಾಗಿ ತಿನ್ನುವ ಬಿದ್ದ ಹಣ್ಣನ್ನು ಹಂಚುವುದನ್ನು ಅಮೆರಿಕದ ಆಹಾರ ಸುರಕ್ಷತಾ ನಿಯಮ ತಡೆಯುತ್ತದೆ. ಬಿದ್ದದ್ದನ್ನು ಆಯುವುದರಿಂದ ಹುಟ್ಟಿದ ರೂಢಿ ಬಿದ್ದದ್ದನ್ನು ಬಿಟ್ಟು ಆಯುವಲ್ಲಿಗೆ ಬಂದು ನಿಂತಿದೆ!

ಹೊಲದಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ? ಕೊಟ್ಟ ತರಕಾರಿ ತಿಂದು ಹೊಟ್ಟೆ ಕೆಟ್ಟರೆ? ರೈತರು ಹಿಂಜರಿಯುವುದು ಇಲ್ಲಿ. 1996ರ ಅಕ್ಟೋಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಬಿಲ್ ಎಮರ್ಸನ್ ಕಾಯ್ದೆ ಎರಡಕ್ಕೂ ಉತ್ತರ ಕೊಟ್ಟಿತು. ಸದುದ್ದೇಶದಿಂದ ಆಹಾರ ದಾನ ಮಾಡಿದವರ ಮೇಲೂ, ಹಕ್ಕಲಿಗೆ ತಮ್ಮ ಹೊಲ ಬಿಟ್ಟುಕೊಟ್ಟವರ ಮೇಲೂ ಹೊಣೆ ಹೊರಿಸುವಂತಿಲ್ಲ. ಘೋರ ನಿರ್ಲಕ್ಷ್ಯ ಅಥವಾ ಬೇಕೆಂದೇ ಮಾಡಿದ ತಪ್ಪಿಗೆ ಮಾತ್ರ ಈ ರಕ್ಷಣೆ ಇಲ್ಲ.

ಸ್ವಯಂಸೇವಕರು ಸಂಬಳ ಕೇಳುವುದಿಲ್ಲ ಎಂದ ಮಾತ್ರಕ್ಕೆ ಹಕ್ಕಲು ಪುಕ್ಕಟೆ ಅಲ್ಲ. ಡೀಸೆಲ್, ಕ್ರೇಟು, ವಿಮೆ, ಎಲ್ಲಕ್ಕಿಂತ ಮಿಗಿಲಾಗಿ ಸಂಯೋಜಕರ ಸಂಬಳ. ದಾನಿಗಳಿಗೆ ಹೆಸರು ಬರೆಸಬಹುದಾದ ವ್ಯಾನ್ ಕೊಡಿಸಲು ಇಷ್ಟ, ಫೋನ್ ಎತ್ತುವವರ ಸಂಬಳ ಕೊಡಲು ಅಷ್ಟು ಇಷ್ಟವಿಲ್ಲ. ರೈತರ ಬೆವರು ಮಾತ್ರ ಏಕೆ ದಾನವಾಗಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕೊಯ್ಲು, ಪ್ಯಾಕಿಂಗಿನ ಖರ್ಚನ್ನಾದರೂ ರೈತರಿಗೆ ಕಟ್ಟಿಕೊಡುವ ಯೋಜನೆಗಳು ಅಮೆರಿಕದಲ್ಲೇ ಇವೆ, ನನಗೆ ಅವೇ ಸರಿಯೆನಿಸುತ್ತವೆ.

ಹಕ್ಕಲು ನಮಗೇನೂ ಹೊಸದಲ್ಲ. ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಕಿತ್ತ ಹೊಲದಲ್ಲಿ ಹೆಂಗಸರು, ಮಕ್ಕಳು ಮಣ್ಣು ಕೆದಕಿ ಕಾಯಿ ಆಯುತ್ತಾರೆ. ಆದರೆ ಕೋಲಾರದ ಟೊಮ್ಯಾಟೊ ದರ ನೆಲಕಚ್ಚಿದಾಗ ಗಿಡದಲ್ಲೇ ಉಳಿಯುವ, ರಸ್ತೆಬದಿಗೆ ಸುರಿಯುವ ರಾಶಿಯನ್ನು ಮನೆಮಂದಿ ಆಯ್ದು ಮುಗಿಸಲಾಗದು. ಹೆಚ್ಚುವರಿ ಆಹಾರದ ಸಂಗ್ರಹ, ಹಂಚಿಕೆಗೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿದೆ. ಆದರೂ ನಮ್ಮ ಸಂಘಟನೆಗಳ ಗಮನ ಹೆಚ್ಚಾಗಿ ಛತ್ರ, ಹೋಟೆಲುಗಳಲ್ಲಿ ಮಿಕ್ಕ ಅನ್ನಸಾರಿನ ಮೇಲೇ ಇದೆ. ಉಣ್ಣಿಸುವ ಅಡುಗೆಮನೆಗಳಿಗಂತೂ ಇಲ್ಲಿ ಬರವಿಲ್ಲ: ದಾಸೋಹದ ಮಠಗಳು, ವಿದ್ಯಾರ್ಥಿನಿಲಯಗಳು, ಸರ್ಕಾರಿ ಶಾಲೆಯ ಬಿಸಿಯೂಟ.

ನಿಮ್ಮ ಊರಿನ ಸಂಘವೋ ಕಾಲೇಜಿನ ಎನ್‌ಎಸ್‌ಎಸ್ ಘಟಕವೋ ಇದನ್ನು ಶುರುಮಾಡುವುದಾದರೆ, ಟೀ ಶರ್ಟ್ ಹೊಲಿಸುವ ಮೊದಲು ಹತ್ತಿರದ ಹಾಸ್ಟೆಲ್ಲಿನ ಅಡುಗೆಯವರನ್ನು ಹೋಗಿ ಕಾಣಿ. ದಿನಕ್ಕೆ ಎಷ್ಟು ಕೆಜಿ ಟೊಮ್ಯಾಟೊ ಬೇಕು, ದೋರೆಗಾಯಿ ಇಟ್ಟು ಹಣ್ಣು ಮಾಡಿಕೊಳ್ಳಲು ಜಾಗವಿದೆಯೇ ಕೇಳಿ ಬರೆದುಕೊಳ್ಳಿ. ಆಮೇಲೆ ರೈತರಿಗೆ ಒಂದು ಫೋನ್ ನಂಬರ್ ಕೊಡಿ, ಮತ್ತು ಅದನ್ನು ಎತ್ತುವ ಒಬ್ಬರನ್ನು ನೇಮಿಸಿ.